ಮುರಿದ ಕೋಡುಬಳೆಯ ಸರಾಸರಿ

ಆರಾಧನಾಗೆ ಇಪ್ಪತ್ತಾರು ತುಂಬಿತ್ತು, ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಆಗಿತ್ತು. ನಾಲ್ಕು ಕಡೆ ಇಂಟರ್‌ವ್ಯೂಗೆ ಹೋಗಿ ನಾಲ್ಕು ಕಡೆಯೂ ‘ತಿಳಿಸ್ತೀವಿ’ ಅನ್ನಿಸಿಕೊಂಡು ಬಂದಿದ್ದಳು. ಅಪ್ಪ ಶೀನಣ್ಣನದು ಚಾಮರಾಜಪೇಟೆಯಲ್ಲಿ ಕಾಂಡಿಮೆಂಟ್ಸ್ ಅಂಗಡಿ. ಅಲ್ಲಿ ಮಾರುವ ಕೋಡುಬಳೆ ತಯಾರಾಗುತ್ತಿದ್ದದ್ದು ಶಂಕರಪುರಂನ ಅವರ ಹಳೆಯ ಮನೆಯ ಹಿಂದಿನ ಅಡುಗೆಮನೆಯಲ್ಲಿ. ಓದುವ ಹುಡುಗಿಗೆ ಹಿಟ್ಟಿನ ಸಹವಾಸ ಯಾಕೆಂದು ಚಿಕ್ಕಂದಿನಿಂದ ಅವಳನ್ನು ಆ ಕಡೆ ಬಿಟ್ಟಿರಲಿಲ್ಲ. ಈಗ ಅವಳಿಗೆ ಆ ಅಡುಗೆಮನೆಯ ಯಜಮಾನಿಕೆಯೇ ಬೇಕಾಗಿತ್ತು. ಹೊರಗೆ ಎಲ್ಲೂ ಸಲ್ಲದವಳು ಮನೆಯ ಹಿತ್ತಲಲ್ಲಾದರೂ ಸಲ್ಲಬೇಕಲ್ಲ.

ಹಿಟ್ಟು ಕಲಸುವ ಮೆಷಿನ್ ಬಂದಾಗ ಅವಕಾಶ ಸಿಕ್ಕಿತು. ಅಲ್ಲಿದ್ದ ಐವರು ಹೆಂಗಸರಲ್ಲಿ ಒಬ್ಬಳು ಹೆಚ್ಚಾದಳು.

“ಕೊನೇಲಿ ಬಂದೋಳು ಮೀನಾ. ಅವಳನ್ನ ಕಳಿಸಿದ್ರಾಯ್ತು,” ಎಂದ ಶೀನಣ್ಣ.

“ಹಾಗೆ ಅಂದಾಜಲ್ಲಿ ಕಳಿಸ್ಬಾರ್ದು ಅಪ್ಪ. ಯಾರ ಕೈಕೆಲಸ ಕಡಿಮೆ ಅಂತ ನಾನು ಅಳತೆ ಮಾಡಿ ಹೇಳ್ತೀನಿ. ಆಮೇಲೆ ಯಾರೂ ಎದುರು ಮಾತಾಡೋಕಾಗಲ್ಲ.”

“ಸರಿಯಾಗಿ ಮಾಡಿ ತೋರಿಸು. ಅಡುಗೆಮನೆ ಇನ್ನು ನೀನೇ ನೋಡ್ಕೊಳ್ಳುವಂತೆ.”

ಅಲ್ಲಿನ ಪದ್ಧತಿಯೆಂದರೆ, ತಾನು ಹೊಸೆದ ಕೋಡುಬಳೆ ಕರಿದು ಬಂದ ಮೇಲೆ ತಾನೇ ಪ್ಯಾಕೆಟ್ ಕಟ್ಟಬೇಕು. ಕಟ್ಟುವಾಗ ಮುರಿದದ್ದು ಚೂರು. ಕೈ ಹದವಾಗಿದ್ದರೆ ಚೂರು ಕಡಿಮೆ. ಆರಾಧನಾ ಐದು ಸ್ಟೀಲ್ ಡಬ್ಬಗಳ ಮೇಲೆ ನಂಬರು ಅಂಟಿಸಿ, ತಂತಮ್ಮ ಚೂರು ತಂತಮ್ಮ ಡಬ್ಬಕ್ಕೆ ಹಾಕಿ ಎಂದಳು. ದಿನಾ ಸಂಜೆ ಐದಕ್ಕೆ ಬಂದು ತೂಗಿ ಬರೆದುಕೊಂಡು ಹೋಗುತ್ತಿದ್ದಳು, ಇಪ್ಪತ್ತು ದಿನ. ಯಾಕೆಂದು ಹೇಳಲಿಲ್ಲ. ಹೇಳಿದರೆ ಹುಷಾರಾಗಿಬಿಡುತ್ತಾರೆ, ಅಂಕಿ ಕೆಡುತ್ತದೆ ಎಂದು ಪಾಠದಲ್ಲಿ ಓದಿದ್ದಳು. ಹೆಂಗಸರ ಪಕ್ಕ ಒಂದು ಮಧ್ಯಾಹ್ನ ಕೂತು ನೋಡು ಎಂದು ಯಾವ ಪಾಠದಲ್ಲೂ ಇರಲಿಲ್ಲ.

ಮೊದಲು ಅನೋವಾ ಎಂಬ ಪರೀಕ್ಷೆ. ಒಬ್ಬಳ ಡಬ್ಬದಲ್ಲೇ ಒಂದು ದಿನ ಚೂರು ಹೆಚ್ಚು, ಒಂದು ದಿನ ಕಡಿಮೆ. ಎಣ್ಣೆ ಕಾದ ರೀತಿ, ಅಕ್ಕಿ ಹಿಟ್ಟಿನ ಗುಣ, ಮನೆಯ ಜಗಳ, ಕಾರಣ ಏನು ಬೇಕಾದರೂ ಇರಬಹುದು. ಆ ದಿನನಿತ್ಯದ ಏರುಪೇರಿಗೆ ಹೋಲಿಸಿದರೆ ಐವರ ಸರಾಸರಿಗಳ ನಡುವಿನ ಅಂತರ ತೀರಾ ದೊಡ್ಡದಾಗಿದ್ದರೆ ಮಾತ್ರ ಇವರಲ್ಲಿ ಯಾರೋ ಬೇರೆ ಎನ್ನಬಹುದು. ಅಂತರ ದೊಡ್ಡದೇ ಬಂತು. ಆದರೆ ‘ಯಾರೋ’ ಅನ್ನುತ್ತದೆಯೇ ಹೊರತು ‘ಯಾರು’ ಎಂದು ಅನೋವಾ ಹೇಳುವುದಿಲ್ಲ. ಅದಕ್ಕೆ ಒಬ್ಬೊಬ್ಬಳನ್ನೂ ಉಳಿದವರೊಂದಿಗೆ ಜೋಡಿ ಮಾಡಿ ಹೋಲಿಸಬೇಕು. ಐವರಿಗೆ ಹತ್ತು ಜೋಡಿ. ಮಾವಿನ ಮರಕ್ಕೆ ಹತ್ತು ಸಲ ಕಣ್ಣುಮುಚ್ಚಿ ಕಲ್ಲೆಸೆದರೂ ಒಂದು ಕಾಯಿ ಉದುರೀತು, ಅದನ್ನು ಗುರಿ ಎನ್ನಲಾಗದು. ಹಾಗೆ ಆಕಸ್ಮಿಕವಾಗಿ ಯಾರ ತಲೆಯ ಮೇಲೂ ತಪ್ಪು ಬೀಳದಿರಲೆಂದು ಅವಳು ಬಿಗಿಯಾದ ಟ್ಯೂಕಿ ಪರೀಕ್ಷೆಯನ್ನೇ ಆರಿಸಿಕೊಂಡಳು. ಅನ್ಯಾಯವಾಗಬಾರದೆಂಬ ಕಾಳಜಿ ಅವಳಿಗೆ ಅಷ್ಟಿತ್ತು.

ಆರು ಜೋಡಿಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ನಾಲ್ಕರಲ್ಲಿ ಇತ್ತು, ಆ ನಾಲ್ಕರಲ್ಲೂ ಒಂದು ಹೆಸರು ಅಂಜಮ್ಮನದು. ಉಳಿದವರ ಸರಾಸರಿ ನೂರಿಪ್ಪತ್ತು ಗ್ರಾಂ ಆಸುಪಾಸು, ಅವಳದು ಇನ್ನೂರತೊಂಬತ್ತು.

ಅಂಜಮ್ಮ ಮೂವತ್ತೊಂದು ವರ್ಷದಿಂದ ಅಲ್ಲಿ ಕೋಡುಬಳೆ ಹೊಸೆಯುತ್ತಿದ್ದವಳು. ಆರಾಧನಾಳ ಅಜ್ಜಿ ಬದುಕಿದ್ದಾಗ ಕೈಹಿಡಿದು ಕಲಿಸಿದ್ದು ಅವಳಿಗೊಬ್ಬಳಿಗೇ. ಶೀನಣ್ಣ ಲೆಕ್ಕದ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದ. “ಅಂಜಮ್ಮನಾ?” ಎಂದ. ಮಗಳು ಮುಖ ಗಂಟಿಕ್ಕಿದ್ದು ಕಂಡು ಸುಮ್ಮನಾದ. ತಿಂಗಳ ಕೊನೆಗೆ ಅಂಜಮ್ಮನ ಕೈಗೆ ಒಂದು ಸೀರೆ ಕೊಟ್ಟು ಕಳಿಸಿದರು. ಯಾಕೆಂದು ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಉಳಿದ ನಾಲ್ವರೂ ತಲೆಯೆತ್ತದೆ ಹೊಸೆಯುತ್ತ ಕೂತಿದ್ದರು.

ಅಡುಗೆಮನೆ ಆರಾಧನಾಳ ಕೈಗೆ ಬಂತು. ಶೀನಣ್ಣ ಅಂಗಡಿಗೆ ಬಂದವರಿಗೆಲ್ಲ ಮಗಳ ಲೆಕ್ಕದ ಹಾಳೆ ತೋರಿಸುತ್ತಿದ್ದ. ಅವಳ ಬೆನ್ನು ನೆಟ್ಟಗಾಗಿದ್ದನ್ನು ಮನೆಯವರೆಲ್ಲ ನೋಡಿದರು.

ಒಂದೂವರೆ ತಿಂಗಳು ಕಳೆದ ಮೇಲೆ, ಎಷ್ಟು ಸುಧಾರಿಸಿದೆ ಎಂದು ಅಪ್ಪನಿಗೆ ತೋರಿಸಲು ಅವಳು ಹೇಳದೆ ಕೇಳದೆ ಮತ್ತೆ ಡಬ್ಬ ತೂಗಿದಳು. ಒಂದು ವಾರ ತೂಗಿದಳು. ಈಗ ಮುನಿಯಮ್ಮನ ಡಬ್ಬ ದಿನಾ ಇನ್ನೂರೈವತ್ತು ದಾಟುತ್ತಿತ್ತು. ಅಂಜಮ್ಮ ಹೋದ ಮೇಲೆ ಅಲ್ಲಿಗೆ ಹಿರಿಯಳು ಅವಳೇ. ಒಬ್ಬಳನ್ನೇ ಉಗ್ರಾಣಕ್ಕೆ ಕರೆದು ಕೇಳಿದಾಗ ಮುನಿಯಮ್ಮನ ಮುಖ ಬಿಳಿಚಿಕೊಂಡಿತು.

“ಅಯ್ಯೋ, ಇದೆಲ್ಲ ನಂದಲ್ಲ ಆರಾಧನಮ್ಮ. ಊಟದ ಹೊತ್ತಿಗೆ ಎಲ್ರೂ ಅವರವರ ಚೂರು ತಂದು ಹಿರಿಯೋಳ ಡಬ್ಬಕ್ಕೆ ಸುರೀತಾರೆ. ಮನೆಗೆ ತಗೊಂಡೋಗ್ಲಿ ಅಂತ. ನಿಮ್ಮಜ್ಜಿ ಮಾಡಿದ್ದ ಕಟ್ಟಳೆ ಅದು. ಮಧ್ಯಾಹ್ನದ ಮೇಲೆ ಮುರಿದಿದ್ದಷ್ಟೇ ನಮ್ಮ ಡಬ್ಬದಲ್ಲಿ ಉಳಿಯೋದು.”

“ಅಂಜಮ್ಮ ಇದ್ದಾಗಲೂ ಹೀಗೇನಾ?”

“ಊಂ. ನೀವು ಯಾಕೆ ತೂಗ್ತಿದೀರ ಅಂತ ಎರಡನೇ ವಾರಕ್ಕೆ ನಮಗೆ ಗೊತ್ತಾಗೋಯ್ತು. ಅಕ್ಕಂಗೆ ಮಾತ್ರ ಗೊತ್ತಾಗ್ಲಿಲ್ಲ. ಚೂರಿಗೂ ಮರ್ಯಾದೆ ಬಂತು ಕಣ್ರೇ ಅಂತ ನಗಾಡೋಳು. ಹೇಳಿದ್ರೆ ನಮ್ಮಲ್ಲಿ ಒಬ್ಬಳು ಹೋಗ್ಬೇಕಾಗ್ತಿತ್ತು. ಅದಕ್ಕೇ ದಿನಾ ಸುರಿದ್ವಿ. ನನ್ನ ಕಳಿಸ್ಬೇಡಿ.”

ಒಂದು ಗುಂಪಿನ ಅಂಕಿ ಇನ್ನೊಂದಕ್ಕೆ ಸೋರಬಾರದು ಎನ್ನುವುದು ಅನೋವಾದ ಮೊದಲ ಪಾಠ. ಅದನ್ನು ಆರಾಧನಾ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದಳು. ಅಂಜಮ್ಮನನ್ನು ವಾಪಸ್ ಕರೆಸಬಹುದಿತ್ತು. ಅಪ್ಪನಿಗೆ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆ ಮಾತು ಹೇಳಿದ ಮೇಲೆ ತಾನು ಮತ್ತೆ ‘ತಿಳಿಸ್ತೀವಿ’ ಅನ್ನಿಸಿಕೊಳ್ಳುವ ಹುಡುಗಿ. ಅವಳಿಗೆ ಅಳು ಬಂತು, ಅಂಜಮ್ಮನಿಗಾಗಿ ಅಲ್ಲ.

“ಇನ್ಮೇಲೆ ಚೂರು ಯಾರೂ ಮನೆಗೆ ತಗೊಂಡು ಹೋಗೋ ಹಾಗಿಲ್ಲ,” ಎಂದಳು. “ಈ ವಿಷಯ ನನ್ನ ನಿನ್ನ ಮಧ್ಯೆನೇ ಇರ್ಲಿ. ನೀನಿಲ್ಲೇ ಇರ್ತೀಯ.”

ಅದೇ ವಾರ ಅಂಜಮ್ಮ ಬಂದಳು. ಶೀನಣ್ಣ ಅಡುಗೆಮನೆಯಲ್ಲಿ ಅಂಗಡಿಗೆ ಒಯ್ಯುವ ಪ್ಯಾಕೆಟ್ ಎಣಿಸುತ್ತಿದ್ದ. ಅವಳು ಹೊಸ್ತಿಲ ಆಚೆಯೇ ನಿಂತಳು.

“ಗಾಂಧಿ ಬಜಾರ್ ಹತ್ರ ಒಬ್ರು ಕೆಲಸಕ್ಕೆ ಕರೀತಾವ್ರೆ ಆರಾಧನಮ್ಮ, ನಾಳೆಯಿಂದಾನೇ ಬಾ ಅಂತ. ಹೋಗೋಕ್ ಮುಂಚೆ ಕೇಳ್ಕೊಂಡು ಹೋಗಣ ಅಂತ ಬಂದೆ. ನಂದೇನು ತಪ್ಪಿತ್ತಮ್ಮ? ಹೇಳಿದ್ರೆ ಅಲ್ಲಾದ್ರೂ ತಿದ್ಕೊಂತೀನಿ.”

ಶೀನಣ್ಣನ ಎಣಿಕೆ ನಿಂತಿತು. ಅವನೂ ಮಗಳ ಕಡೆ ನೋಡಿದ.

“ನಿಮ್ಮ ಕೈ ಮೊದಲಿನ ಹಾಗಿಲ್ಲ ಅಂಜಮ್ಮ,” ಎಂದಳು ಆರಾಧನಾ. “ಹದ ತಪ್ಪುತ್ತೆ. ನೀವು ಹೊಸೆದಿದ್ದು ಮುರಿಯುತ್ತೆ.”

ಅಂಜಮ್ಮ ಎರಡೂ ಕೈ ಮುಂದೆ ಚಾಚಿ, ತಿರುಗಿಸಿ ನೋಡಿಕೊಂಡಳು. ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ಆಮೇಲೆ ಮೂಲೆಯಲ್ಲಿ ಕೂತಿದ್ದವಳನ್ನು ಕೇಳಿದಳು, “ಹೌದೇನೇ ಮುನಿಯಾ?”

ಮುನಿಯಮ್ಮ ಹಿಟ್ಟಿನಿಂದ ಕಣ್ಣು ಕೀಳಲಿಲ್ಲ. “ಹೂಂ ಅಕ್ಕ. ಈಚೀಚೆಗೆ ಸ್ವಲ್ಪ ಹಂಗಾಗಿತ್ತು.”

“ನಂಗೇ ತಿಳೀಲಿಲ್ಲ ನೋಡು,” ಎಂದಳು ಅಂಜಮ್ಮ. “ಹಂಗಾದ್ರೆ ಅಲ್ಲಿಗೂ ಬರಲ್ಲ ಅಂತ ಹೇಳ್ಬಿಡ್ತೀನಿ. ತಿನ್ನೋ ಪದಾರ್ಥ, ಇನ್ನೊಬ್ರ ಮನೇಲಿ ಹಾಳ್ಮಾಡಬಾರ್ದು. ಇಷ್ಟು ದಿನ ಬಾಯ್ಬಿಟ್ಟು ಹೇಳ್ದೆ ನನ್ನ ಮಾನ ಉಳಿಸಿದ್ರಿ ಆರಾಧನಮ್ಮ. ತಣ್ಣಗಿರಿ.”

ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಗೇಟು ದಾಟಿದಳು.

ಶೀನಣ್ಣ ನಿಟ್ಟುಸಿರು ಬಿಟ್ಟು ಪ್ಯಾಕೆಟ್ ಕೈಗೆತ್ತಿಕೊಂಡ. “ನಂಗೆ ಒಳಗೊಳಗೇ ಅನುಮಾನ ಇತ್ತಮ್ಮ, ಸುಳ್ಳು ಯಾಕೆ ಹೇಳ್ಲಿ. ಈಗ ಹೋಯ್ತು. ಅವಳೇ ಒಪ್ಕೊಂಡ್ಳಲ್ಲ.”

“ಹೂಂ ಅಪ್ಪ,” ಎಂದಳು ಆರಾಧನಾ.