ಬಿಚ್ಚದೆ ಉಳಿದ ಪಾಕೀಟುಗಳು

ನನ್ನ ಮೊಮ್ಮಗಳನ್ನು ಆಪರೇಷನ್ ಕೋಣೆಯ ಮುಖ್ಯ ನರ್ಸ್ ಮಾಡಿದರು. ಭಾಲ್ಕಿಯ ಆಸ್ಪತ್ರೆಯಿಂದ ಅವಳ ಫೋನು ಬಂದಾಗ ನಾನು ಬೀದರಿನ ನೌಬಾದದ ನಮ್ಮ ಓಣಿಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿದ್ದೆ. ಮುಂದಿದ್ದವರಿಗೆ ಹೇಳಿದೆ, ಹಿಂದಿದ್ದವರಿಗೆ ಹೇಳಿದೆ, ಟ್ಯಾಂಕರ್ ಡ್ರೈವರನಿಗೂ ಹೇಳಿದೆ. ಕೇಳಿಸಿಕೊಳ್ಳದವರಿಗೆ ಎರಡು ಸಲ ಹೇಳಿದೆ.

ಎರಡು ತಿಂಗಳ ಹಿಂದೆ ಇದೇ ಹುಡುಗಿಯನ್ನು ಆ ಕೋಣೆಯಿಂದ ಹೊರಗೆ ಹಾಕಲು ಹೊರಟಿದ್ದರು. ಅವಳ ತಪ್ಪು ಇಷ್ಟೇ: ಬೇಡದ ಪಾಕೀಟು ಬಿಚ್ಚಲಿಲ್ಲ.

ಅಲ್ಲಿಯ ಪದ್ಧತಿ ಹೇಳುತ್ತೇನೆ. ಡಾಕ್ಟರು ಬರುವ ಮೊದಲೇ ಗ್ಲೌಸು, ಹೊಲಿಯುವ ದಾರ, ಬ್ಲೇಡು, ಹತ್ತಿ, ಇದ್ದದ್ದನ್ನೆಲ್ಲ ಬಿಚ್ಚಿ ಹರವಬೇಕು. ಒಮ್ಮೆ ಬಿಚ್ಚಿದ್ದು, ಮುಟ್ಟದಿದ್ದರೂ ಎಂಜಲು. ಆಪರೇಷನ್ ಮುಗಿದ ಮೇಲೆ ಹಳದಿ ಚೀಲಕ್ಕೆ, ಅಲ್ಲಿಂದ ಬೆಂಕಿಗೆ. ಬಡಿಸಿದ ಎಲೆಯನ್ನು ಉಣ್ಣದೆ ಎತ್ತಿ ಬಿಸಾಡುವ ಶ್ರೀಮಂತರ ಮದುವೆಯಂತೆ. ಅದಕ್ಕೆ ಇವರು ಇಟ್ಟ ಹೆಸರು ಸ್ವಚ್ಛತೆ.

ಅದೂ ಎಂಥ ಬರದ ವರ್ಷ. ಔರಾದ ಕಡೆಯ ಜನ ಗಂಟು ಕಟ್ಟಿಕೊಂಡು ಹೈದರಾಬಾದಿನ ಬಸ್ಸು ಹತ್ತುತ್ತಿದ್ದರು. ಆಸ್ಪತ್ರೆಯ ನಲ್ಲಿಯ ಮೇಲೆ ನೀರು ಮಿತವಾಗಿ ಬಳಸಿರಿ ಎಂಬ ಹಲಗೆ. ಬಾಣಂತಿಯ ಅತ್ತೆ ಒಂದು ತಂಬಿಗೆ ಹೆಚ್ಚು ಹಿಡಿದರೆ ಬೈಗುಳ. ಒಳಗೆ ಮಾತ್ರ ಹೊಸ ಸಾಮಾನು ಚೀಲಗಟ್ಟಲೆ ಕಸಕ್ಕೆ. ಹಲಗೆ ಬರೆಸಿದವರಿಗೆ ಒಳಗಿನ ದಾರಿ ಗೊತ್ತಿರಲಿಲ್ಲವೇನೋ.

ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಬೀದರಿನ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿ ಮುದುಕಿಯಾದೆ. ನಮ್ಮ ಕಾಲದಲ್ಲಿ ಗ್ಲೌಸು ತೊಳೆದು, ನೀರು ತುಂಬಿ ತೂತು ನೋಡಿ, ಒಣಗಿಸಿ, ಪೌಡರ್ ಹಾಕಿ, ಹಬೆಯ ಡಬ್ಬಿಗೆ ಇಡುತ್ತಿದ್ದೆವು. ನೀನೂ ಹಾಗೇ ಮಾಡು ಎಂದು ಮೊಮ್ಮಗಳಿಗೆ ಹೇಳಿದ್ದೆ.

"ಅದು ಬ್ಯಾಡ ಆಯಿ. ಕಣ್ಣಿಗಿ ಕಾಣಲಾರದ ತೂತು ಇರ್ತಾವ, ಒಬ್ಬರ ರೋಗ ಇನ್ನೊಬ್ಬರಿಗಿ ಹೋಗ್ತದ. ನಾ ಏನೂ ತೊಳೆಂಗಿಲ್ಲ. ಬಿಚ್ಚಲಾರದೇ, ಕೈಗಿ ಸಿಗೂ ಹಂಗ ಇಡ್ತೇನಿ, ಕೇಳಿದ್ರ ಬಿಚ್ಚಿ ಕೊಡ್ತೇನಿ. ಅಷ್ಟೇ."

ನನಗೇ ಬುದ್ಧಿ ಹೇಳಿದಳು. ಹೇಳಲಿ.

ಆಗಿನ ಮುಖ್ಯ ನರ್ಸಿಗೆ ಇದು ಸೇರಲಿಲ್ಲ. ಎಲ್ಲರ ಮುಂದೆ ಅಂದಳಂತೆ: "ಇದೇನ ನಿಮ್ಮ ಆಯಿ ಉಪ್ಪಿನಕಾಯಿ ಭರಣಿ ಏನ, ಮುಚ್ಚಿ ಮುಚ್ಚಿ ಇಡ್ಲಾಕ?"

"ಭರಣಿ ಆದ್ರ ಮುಚ್ಚೇ ಇಡಬೇಕಲ್ರಿ ಸಿಸ್ಟರ್. ತೆರೆದಿಟ್ರ ಬೂಸು ಹಿಡೀತದ."

ಮಾತು ದೊಡ್ಡ ಡಾಕ್ಟರ ಕಿವಿಗೆ ಹೋಯಿತು. ಎರಡು ತಿಂಗಳು ನೋಡುತ್ತೇನೆ ಎಂದರು. ಕೇಳಿದ ಸಾಮಾನು ಒಂದು ಸಲ ತಡವಾದರೂ ಮರುದಿನದಿಂದ ಅವಳು ಹೊರಗೆ ಚೀಟಿ ಬರೆಯುವ ಮೇಜಿಗೆ. ಆಪರೇಷನ್ ಕೋಣೆಯ ಕೆಲಸಕ್ಕೆಂದೇ ಓದಿದ ಹುಡುಗಿ. ಅವಧಿ ಮುಗಿದ ಪಾಕೀಟು ಕೇಳಿ ತಂದು, ಚಟ್ಟನೆ ಬಿಚ್ಚಿ ಕೊಡುವುದನ್ನು ಮನೆಯಲ್ಲಿ ರೂಢಿ ಮಾಡಿದಳು. ನಾನು ಡಾಕ್ಟರಾಗಿ ಮಂಚದ ಮೇಲೆ ಕೂತು, ಮೋರೆ ಗಂಟಿಕ್ಕಿ, ಕೈ ಚಾಚುತ್ತಿದ್ದೆ. ಗಂಟಿಕ್ಕುವುದು ನನಗೆ ಚೆನ್ನಾಗಿ ಬರುತ್ತಿತ್ತು. ಎಷ್ಟು ಡಾಕ್ಟರರನ್ನು ನೋಡಿಲ್ಲ ನಾನು?

ಕೊನೆಯ ವಾರ ಔರಾದದ ಒಬ್ಬ ಹೆಣ್ಣುಮಗಳಿಗೆ ಹೆರಿಗೆಯ ಆಪರೇಷನ್ನಿನಲ್ಲಿ ರಕ್ತ ನಿಲ್ಲಲಿಲ್ಲ. ಡಾಕ್ಟರು ಒಂದರ ಹಿಂದೊಂದು ದಾರ ಕೇಳಿದರು. ಮಾತು ಮುಗಿಯುವಷ್ಟರಲ್ಲಿ ದಾರ ಕೈಯಲ್ಲಿತ್ತು. ತಾಯಿ ಉಳಿದಳು, ಕೂಸೂ ಉಳಿಯಿತು. ಎಂದೂ ಆ ಹಳದಿ ಚೀಲದ ಕಡೆ ನೋಡದ ಡಾಕ್ಟರು ಅಂದು ಬಗ್ಗಿ ನೋಡಿದರಂತೆ. ಬಳಸಿದ್ದಷ್ಟೇ ಇತ್ತು. ಒಂದು ಚೀಲದೊಳಗೆ ಇಣುಕಲು ಇಷ್ಟು ವರ್ಷ. ಬಹಳ ಓದಿದವರಿಗೆ ಬಗ್ಗುವುದು ಕಷ್ಟ.

ಆ ಫೋನು ಬಂದ ದಿನ ಸಂಜೆ ಮೊಮ್ಮಗಳು ಭಾಲ್ಕಿಯಿಂದ ಬಂದಳು. ಮಗ ಕೊಳಾರದ ಕಾರ್ಖಾನೆಯಿಂದ ಬೇಗ ಬಂದ. ಸೊಸೆ ರೊಟ್ಟಿ ಬಡಿದಳು, ಪುಂಡಿಪಲ್ಯ ಮಾಡಿದಳು, ನಾನು ಹೋಳಿಗೆ ತಟ್ಟಿದೆ. ನೆಲದ ಮೇಲೆ ಸುತ್ತ ಕೂತೆವು.

"ಆ ಭರಣಿ ಸಿಸ್ಟರ್ ಎಲ್ಲಿಗಿ ಹೋದ್ಳು?" ಎಂದು ಕೇಳಿದೆ.

"ಅವರಿಗಿ ಸಾಮಾನಿನ ಕೋಣಿ ಕೊಟ್ಟಾರ. ಆಡ್ಕೋಬ್ಯಾಡ ಆಯಿ, ನಾಳಿಂದ ಅವರ ಜೋಡಿನೇ ಕೆಲಸ ಮಾಡಬೇಕು."

"ನಾ ಏನಂದೆ?" ಎಂದೆ. ಮಗ ನಕ್ಕ, ಸೊಸೆ ನಕ್ಕಳು. ಮೊಮ್ಮಗಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ನಾವು ಉಣ್ಣತೊಡಗಿದೆವು.