ನಾಕಾದ ಆಚೆಯ ಬೆಂಕಿ

ಕಳೆದ ಸೋಮವಾರ ಮಧ್ಯಾಹ್ನ ಊರೊಳಗೆ ಬರುವ ಮಾಲಿಗೆ ಸುಂಕ ವಸೂಲು ಮಾಡುವ ನಮ್ಮೂರ ಜಕಾತಿ ನಾಕಾದ ಮುಂದಿನ ರಸ್ತೆಗೆ ಮುನಸಿಪಾಲಿಟಿಯವರು ಭರ್ಜರಿಯಾಗಿ ನೀರು ಹೊಡೆದರು. ಬೇಸಿಗೆಯ ಧೂಳೆಲ್ಲ ಅಡಗಿ ರಸ್ತೆ ತಂಪಾಯಿತು. ಆ ರಸ್ತೆಯಿಂದ ಸ್ವಲ್ಪವೇ ಆಚೆಗೆ ಗಂಗವ್ವನ ಮನೆ ಧಗಧಗ ಉರಿಯುತ್ತಿತ್ತು.

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಾ? ತಮಾಷೆ ಮಾಡುವ ಮನಸ್ಸು ಈ ವಾರ ನನಗಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಮುನಸಿಪಾಲಿಟಿ ಮೆಂಬರರು ಸಂಪಾದಕರ ಮನೆಗೆ ಹೋಗಿ ಕೂಡುತ್ತಾರೆ (ಚಹಾದ ಖರ್ಚು ಸಂಪಾದಕರಿಗೆ). ಗೋಕಾಕದವರು ಇದು ಹುಕ್ಕೇರಿಯ ಕಡೆಯ ಊರು ಎನ್ನಲಿ, ಹುಕ್ಕೇರಿಯವರು ಮೂಡಲಗಿಯ ಕಡೆಯದು ಎನ್ನಲಿ. ಮೂರೂ ಕಡೆ ಈಗ ಪೇಟೆ ಬೆಳೆಯುತ್ತಿದೆ, ಮೂರೂ ಕಡೆ ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ.

ಗಂಗವ್ವ ಒಂಟಿ ಮುದುಕಿ. ನಾಕಾ ದಾಟಿದ ಕೂಡಲೇ ಸಿಗುವ ಹೊಸ ಮನೆಗಳ ಸಾಲಿನಲ್ಲಿ ಅವಳದು ಹುಲ್ಲಿನ ಮನೆ. ಹಿತ್ತಲಿಗೆ ಹೊಂದಿ ಒಂದು ತುಂಡು ಕಬ್ಬಿನ ಹೊಲ. ನಾನು ಬೆಲ್ಲದ ಅಡತಿ ವ್ಯಾಪಾರಿ. ಅವಳ ಬೆಲ್ಲ ಪ್ರತಿ ವರ್ಷ ನನ್ನ ಅಂಗಡಿಗೇ ಬರುತ್ತದೆ. ಅಂದು ಈ ವರ್ಷದ ಬೆಲ್ಲ ನೋಡಲು ಹೋಗಿದ್ದೆ. ಬೆಲ್ಲದ ಪೆಂಟಿಗಳನ್ನು ನಡುಮನೆಯಲ್ಲಿ ಒಟ್ಟಿ ಗೋಣಿತಟ್ಟು ಹೊಚ್ಚಿದ್ದಳು. ಮೂಲೆಯಲ್ಲಿ ಎಮ್ಮೆ. ಮನೆ, ಎಮ್ಮೆ, ಬೆಲ್ಲ. ಅವಳ ಬದುಕು ಅಷ್ಟೇ, ಅಷ್ಟೂ ಒಂದೇ ಸೂರಿನ ಕೆಳಗೆ.

ಬಾಜೂ ಮನೆಯ ಒಲೆಯಿಂದ ಹಾರಿದ ಕಿಡಿ ಅವಳ ಸೂರಿಗೆ ಬಿತ್ತು. ಗಾಳಿ ಜೋರಾಗಿತ್ತು. ಮುದುಕಿ ಎಮ್ಮೆಯ ಕಣ್ಣಿ ಬಿಚ್ಚಲು ಓಡಿದಳು, ನಾನು ನಾಕಾಕ್ಕೆ ಓಡಿದೆ.

ಮುನಸಿಪಾಲಿಟಿಯ ಬೆಂಕಿ ಆರಿಸುವ ಪಂಪು ಬಂತೇ? ಬಂತು. ಸುಳ್ಳು ಹೇಳಬಾರದು, ಬೇಗ ಬಂತು. ಎತ್ತುಗಳು ಓಡುತ್ತ ಬಂದವು, ಹಿಂದೆ ನೀರಿನ ಬಂಡಿ. ಖಾಕಿ ಅಂಗಿ ತೊಟ್ಟ ಪಗಾರದ ಆಳುಗಳು, ಎಲ್ಲರ ಮುಂದೆ ಅವರ ಮೇಲಿನವ, ಮುಕಾದಮ ಭರಮಪ್ಪ. ಬಂದ ಪಂಪು ನಾಕಾದಲ್ಲಿ ರಸ್ತೆಗೆ ಅಡ್ಡ ಹಾಕುವ ಬಿದಿರಿನ ಗಳದ ಹತ್ತಿರ ಗಪ್ಪನೆ ನಿಂತಿತು.

"ಯಾಕೋ ನಿಂತಿ?" ಎಂದು ಕೂಗಿದೆ.

"ಸಾವಕಾರ್ರ, ಲಿಮಿಟ್ ಇಲ್ಲಿಗೆ ಮುಗೀತ್ರಿ. ದಾಟಾಕ ಆರ್ಡರ ಇಲ್ರಿ."

"ಅಲ್ಲಿ ಮನಿ ಉರಿಯಾಕತ್ತೈತೋ!"

"ಕಾಣಾಕತ್ತೈತ್ರಿ. ಹ್ವಾದ ವರ್ಷ ಮೂಡಲಗಿ ರಸ್ತೆದಾಗ ಒಂದ ಬಣವಿಗೆ ಬೆಂಕಿ ಹತ್ತಿತ್ತು, ದಾಟಿ ಹ್ವಾದೆ. ಪಗಾರ ಕಟ್ ಮಾಡಿದ್ರು. ಇನ್ನೊಮ್ಮೆ ದಾಟಿದ್ರ ನೌಕರಿನ ಹೋಗತೈತಿ ಅಂದಾರ. ಚೇರಮನ್ರ ಚೀಟಿ ತರ್ರಿ, ಈಗ ಬರ್ತೀನಿ."

"ಚೇರಮನ್ರು ಎಲ್ಲದಾರ?"

"ಹುಕ್ಕೇರಿಗೆ ಲಗ್ನಕ್ಕ ಹೋಗ್ಯಾರ್ರಿ."

ಈ ಭರಮಪ್ಪ ಯಾರು ಅಂತ ಹೇಳಬೇಕು. ಪಂಪು ಬರುವ ಮೊದಲು ನಮ್ಮೂರಲ್ಲಿ ಬೆಂಕಿ ಆರಿಸುತ್ತಿದ್ದವರು ತಾಲೀಮಿನ, ಅಂದರೆ ಗರಡಿಮನೆಯ, ಪೈಲವಾನರು. ಎಲ್ಲಿ ಹೊಗೆ ಕಂಡರೂ ಮೈಗೆ ಹತ್ತಿದ ಕೆಂಪು ಮಣ್ಣಿನ ಸಮೇತ ಕೊಡ ಹಿಡಿದು ಓಡುತ್ತಿದ್ದರು. ಪಗಾರ ಇಲ್ಲ, ಲಿಮಿಟ್ ಇಲ್ಲ. ಅವರಲ್ಲೆಲ್ಲ ಮುಂದೆ ಓಡುತ್ತಿದ್ದವನು ಇದೇ ಭರಮಪ್ಪ. ಹಿಂದೊಮ್ಮೆ ಇದೇ ಗಂಗವ್ವನ ಸೂರಿಗೆ ಬೆಂಕಿ ತಾಗಿದಾಗ ಮೇಲೆ ಹತ್ತಿ ಉರಿಯುವ ಹುಲ್ಲನ್ನು ಬರಿಗೈಯಿಂದ ಕಿತ್ತೆಸೆದಿದ್ದ. ಮರುದಿನ ಮುದುಕಿ ಇಡೀ ತಾಲೀಮಿಗೆ ಹೋಳಿಗೆ ಮಾಡಿ ಬಡಿಸಿದ್ದಳು. ಆಗಲೂ ನಾಕಾ ಅಲ್ಲೇ ಇತ್ತು. ಅದನ್ನು ಯಾರು ನೋಡಿದ್ದರು?

ಹಾಗಂತ ತಾಲೀಮಿನವರನ್ನು ದೇವರು ಮಾಡಿ ಕೂಡಿಸುವವನು ನಾನಲ್ಲ. ಕುಸ್ತಿಗೆ ವರ್ಗಣಿಯ ಹಣ ಕೊಡದ ಅಂಗಡಿಕಾರನ ಮನೆಗೆ ಅವರ ಕೊಡಗಳು ಸಾವಕಾಶ ಹೋಗುತ್ತಿದ್ದವು. ಕೆಲವು ಕೇರಿಗಳಿಗೆ ಹೋಗುತ್ತಲೇ ಇರಲಿಲ್ಲ. (ಯಾವ ಕೇರಿ ಅಂತ ಬಿಡಿಸಿ ಹೇಳಬೇಕೇ?) ಅದಕ್ಕೇ ಪಂಪು ತರಿಸೋಣ, ಪಗಾರ ಕೊಟ್ಟು ಆಳು ಇಡೋಣ, ಅವರು ಮನೆ ನೋಡದೆ ಹೋಗುತ್ತಾರೆ ಎಂದು ಮೀಟಿಂಗಿನಲ್ಲಿ ಮಾತಾಯಿತು. ಒಳ್ಳೆಯ ಮಾತೇ. ಸ್ಟೇಷನ್ನಿನಿಂದ ಪಂಪು ಬಂದ ದಿನ ಅದಕ್ಕೆ ಹಾರ ಹಾಕಿ, ಕಾಯಿ ಒಡೆದು, ವಾಲಗದ ಜೊತೆ ಮೆರೆಸಿದೆವು. ಗೋಕಾಕದ ಪೇಟೆಗೆ ಹೋದಾಗಲೆಲ್ಲ ನಮ್ಮವರದು ಪಂಪಿನ ಬಡಾಯಿಯೇ ಬಡಾಯಿ. ತಾಲೀಮಿನಲ್ಲಿ ಎಲ್ಲರಿಗಿಂತ ಚುರುಕಾದ ಭರಮಪ್ಪನನ್ನೇ ಆರಿಸಿ ಮುಕಾದಮ ಮಾಡಿದರು. ಮನೆತುಂಬ ಮಕ್ಕಳಿದ್ದ ಅವನಿಗೆ ತಿಂಗಳ ಪಗಾರ ಬೇಡವಾಗಿತ್ತೇ?

ಆ ದಿನ ನಾಕಾದಲ್ಲಿ ಅವನನ್ನು ಬಾಯಿಗೆ ಬಂದಂತೆ ಬೈದೆ. ತಲೆ ತಗ್ಗಿಸಿ ಬೈಸಿಕೊಂಡ. ಆಮೇಲೆ ತಟ್ಟನೆ ತಿರುಗಿ ತನ್ನ ಆಳುಗಳಿಗೆ "ಒತ್ತರಲೇ!" ಎಂದು ಚೀರಿದ. ಗಳ ದಾಟದೆ ಊರ ಕಡೆಗೇ ನಿಂತು, ಪಂಪಿನ ಕೊಳವೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಗಂಗವ್ವನ ಮನೆಯ ಕಡೆಗೆ ನೀರು ಹಾರಿಸಿದ. ನೀರು ಲಿಮಿಟ್ ದಾಟಬಾರದು ಅಂತ ಆರ್ಡರಿನಲ್ಲಿ ಇರಲಿಲ್ಲವಲ್ಲ! ಆಳುಗಳು ಪಂಪಿನ ದಾಂಡು ಒತ್ತೇ ಒತ್ತಿದರು. ಭರಮಪ್ಪ ತುದಿಗಾಲಿನ ಮೇಲೆ ನಿಂತ, ಎದೆಯನ್ನು ಗಳಕ್ಕೆ ಒತ್ತಿ ಕೈ ಚಾಚಿದ. ನೀರು ರಸ್ತೆಯ ನಡುವೆ ಬಿತ್ತು, ಮನೆಗೆ ಮುಟ್ಟಲಿಲ್ಲ. ಬಂಡಿ ಖಾಲಿಯಾಗುವವರೆಗೂ ಅವನು ಬಿಡಲಿಲ್ಲ. ನೋಡಲಾಗದೆ ನಾನು ತಾಲೀಮಿನ ಕಡೆ ಓಡಿದೆ.

ತಾಲೀಮು ಅಲ್ಲೇ, ನಾಕಾದ ಹಿಂದೆ. ಕಟ್ಟೆಯ ಮೇಲೆ ವಸ್ತಾದ ಯಮನಪ್ಪ, ಸುತ್ತ ಅವನ ಶಿಷ್ಯರು. ಕೂತಲ್ಲಿಂದಲೇ ಹೊಗೆ ಕಾಣುತ್ತಿತ್ತು.

"ಯಮನಪ್ಪಾ, ಏಳ್ರೋ! ಮುದುಕಿ ಮನಿ ಹೊಂಟಿತು!"

"ಪಗಾರದವ್ರು ಬಂದಾರಲ್ರಿ, ಸಾವಕಾರ್ರ?"

"ಅವರು ನಾಕಾ ದಾಟವೊಲ್ಲರು."

"ಮೊನ್ನೆ ಅರಳೆ ಅಂಗಡಿಗೆ ಬೆಂಕಿ ಬಿದ್ದಾಗ ಕೊಡಾ ತುಂಬ್ಕೊಂಡ ನಾವೂ ಓಡಿದ್ವಿ. 'ದೂರ ಸರೀರಿ, ಪಂಪಿಗೆ ಅಡ್ಡ ಬರಬ್ಯಾಡ್ರಿ' ಅಂತ ಮೆಂಬರ್ರು ಎಲ್ಲಾರ ಮುಂದ ಬೈದ್ರು. ಸರದ್ವಿ. ಇನ್ನೂ ಸರದ ಅದೀವಿ."

"ಗಂಗವ್ವ ಏನ ಮಾಡ್ಯಾಳೋ ನಿಮಗ? ಆಕಿ ಹೋಳಗಿ ಉಂಡಿಲ್ಲೇನ ನೀವು?"

ಯಮನಪ್ಪ ನೆಲ ನೋಡಿದ. ಕಡೆಗೆ ಎದ್ದರು, ಕೊಡ ಹುಡುಕಿದರು, ಬಂದರು. ಅಷ್ಟರಲ್ಲಿ ಸೂರು ಕುಸಿದು ಬಿದ್ದಿತ್ತು. ಎಮ್ಮೆ ಉಳಿದಿತ್ತು. ನೆರೆಯ ಹೆಂಗಸರ ಜೊತೆ ಸೇರಿ ಮುದುಕಿ ಅರ್ಧದಷ್ಟು ಬೆಲ್ಲ ಹೊರಗೆ ಎಳೆದಿದ್ದಳು. ಉಳಿದರ್ಧ ಕರಗಿ ಹೊಸ್ತಿಲು ದಾಟಿ ಅಂಗಳಕ್ಕೆ ಹರಿಯುತ್ತಿತ್ತು. ಗಂಗವ್ವ ಅಳಲಿಲ್ಲ, ಸೆರಗಿನಿಂದ ಎಮ್ಮೆಯ ಮುಖ ಒರೆಸುತ್ತ ನಿಂತಿದ್ದಳು.

ಸಂಜೆ ಒಬ್ಬ ಮೆಂಬರರನ್ನು ತಡೆದು ಕೇಳಿದೆ. ಅವರು ಸಿಟ್ಟಾಗಲಿಲ್ಲ, ಸಾಲಿಯ ಹುಡುಗನಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು.

"ನೋಡ್ರಿ ಸಾವಕಾರ್ರ, ಪಂಪಿನವರ ಪಗಾರ ಎಲ್ಲಿಂದ ಬರತೈತಿ? ಜಕಾತಿಯಿಂದ. ಲಿಮಿಟ್ ಹೊರಗಿನವ್ರು ನಮಗ ಒಂದ ದುಡ್ಡ ಕೊಡಂಗಿಲ್ಲ. ಅವರ ಬೆಂಕಿ ನಾವ ಯಾಕ ಆರಸಬೇಕ್ರಿ?"

ನ್ಯಾಯವಾದ ಮಾತಲ್ಲವೇ? ನನಗೂ ಒಂದು ಕ್ಷಣ ಹಾಗೇ ಅನಿಸಿತು.

ಮಾರನೆಯ ಬೆಳಿಗ್ಗೆ ಗಂಗವ್ವನನ್ನೂ ಉಳಿದ ಬೆಲ್ಲವನ್ನೂ ಬಂಡಿಯಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಹೊರಟೆ. ನಾಕಾದಲ್ಲಿ ಗಳ ಅಡ್ಡ ಬಿದ್ದಿತು. ಜಕಾತಿ ಬರೆದುಕೊಳ್ಳುವ ಕಾರಕೂನ ಹೊರಗೆ ಬಂದ.

"ಬೆಲ್ಲ ಊರಾಗ ಹೊಂಟೈತಿ. ಜಕಾತಿ ಕೊಡ್ರಿ."

"ನಿನ್ನೆ ನಿನ್ನ ಕಣ್ಣ ಮುಂದ ಈಕಿ ಮನಿ ಸುಟ್ಟೈತೋ!"

"ಖರೆ ಐತ್ರಿ. ನಾನೂ ಮರಗೇನಿ. ಆದ್ರ ಸುಟ್ಟ ಮಾಲಿಗೆ ಮಾಫಿ ಅಂತ ಎಲ್ಲೂ ಬರದಿಲ್ರಿ."

ಪೆಂಟಿಗಳನ್ನು ಇಳಿಸಿ ತೂಗಿದ. ಮೇಲೆ ಅಂಟಿದ ಬೂದಿಯನ್ನು ಒರೆಸಲಿಲ್ಲ, ಅದರ ಸಮೇತ ತೂಗಿದ. ನಾನು ಕಿಸೆಗೆ ಕೈ ಹಾಕಿದೆ. ಮುದುಕಿ ನನ್ನ ಕೈ ಹಿಡಿದಳು. "ಬ್ಯಾಡ ತಮ್ಮಾ, ನನ್ನ ಮಾಲಿಂದು ನಾನ ಕೊಡ್ತೀನಿ" ಎಂದು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ನಿನ್ನೆ ಊರಿನ ಹೊರಗಿನವಳಾಗಿದ್ದ ಗಂಗವ್ವ ಈ ದಿನ ಜಕಾತಿ ಕೊಡುವಷ್ಟರ ಮಟ್ಟಿಗೆ ಊರಿನವಳಾದಳು. ಅವಳ ದುಡ್ಡು ಪಂಪಿನವರ ಪಗಾರಕ್ಕೆ ಸೇರಿತು.

ಹುಕ್ಕೇರಿಯ ಗೆಳೆಯರು ತಮ್ಮಲ್ಲೂ ಪಂಪು ತರಿಸುವ ಮಾತು ನಡೆದಿದೆ, ನಿಮ್ಮ ಅನುಭವ ಬರೆಯಿರಿ ಎಂದು ಕೇಳಿದ್ದರು. ಇದೇ ಅನುಭವ. ಖಂಡಿತ ತರಿಸಿರಿ, ಪಗಾರವನ್ನೂ ಕೊಡಿರಿ. ಪುಕ್ಕಟೆ ಓಡುವವರ ಮರ್ಜಿಯ ಮೇಲೆ ಊರು ನಿಲ್ಲಬಾರದು. ಆದರೆ ಓಡುವವರನ್ನು ಬೈದು ಕೂಡಿಸಿ, ಪಗಾರದವರನ್ನು ಗಳಕ್ಕೆ ಕಟ್ಟಿ ನಿಲ್ಲಿಸಿ, ಪಂಪಿಗೆ ಹಾರ ಹಾಕಿದರೆ ಏನಾಗುತ್ತದೆ ಎಂಬುದನ್ನು ಒಮ್ಮೆ ಇಲ್ಲಿಗೆ ಬಂದು ನೋಡಿ ಹೋಗಿರಿ.

ಆ ಬೆಳಿಗ್ಗೆ ಜಕಾತಿ ಸಂದ ಮೇಲೆ ನಾಕಾದ ಗಳ ಮೇಲಕ್ಕೆದ್ದಿತು. ಬಂಡಿ ಹೊರಡುವಾಗ ಗಂಗವ್ವ ಹಿಂತಿರುಗಿ ನೋಡಿದಳು. ಅವಳ ಮನೆಯ ತೊಲೆಗಳು ಇನ್ನೂ ಹೊಗೆಯಾಡುತ್ತಿದ್ದವು. ಕಾರಕೂನನನ್ನು ಕರೆದು, ಸಿಟ್ಟಿಲ್ಲದೆ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು:

"ತಮ್ಮಾ, ಜಕಾತಿ ಕೊಟ್ನಲ್ಲ, ಇನ್ನ ಮ್ಯಾಲರೆ ಭರಮಪ್ಪ ಬರ್ತಾನೇನು?"