ಅಕ್ಕಿ ಎಳೆಯದ ಇರಿಡಿಯಂ

ಯಲಹಂಕದಲ್ಲಿರುವ ನಮ್ಮ ಅತ್ತೆ ಫೋನ್ ಮಾಡಿ, "ನಿಮ್ಮ ಮಾವನ ಹತ್ರ ವಾದ ಮಾಡೋಕೆ ಬೇಗ ಬಾ" ಎಂದರು. ಕಾಲೇಜಿನ ಡಿಬೇಟ್ ತಂಡದಲ್ಲಿದ್ದ ನನ್ನನ್ನು ವಾದಕ್ಕೆಂದು ಮನೆಯವರು ಕರೆದಿದ್ದು ಅದೇ ಮೊದಲು.

ಹೋಗುವಷ್ಟರಲ್ಲಿ ಮಾವ ಅತ್ತೆಯ ಸರವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡಿದ್ದರು. ಹುಣಸಮಾರನಹಳ್ಳಿ ಕಡೆ ಯಾರದೋ ಬಳಿ ಸಿಡಿಲು ಬಡಿದ ತಾಮ್ರದ ಚೊಂಬಿದೆಯಂತೆ. ಸಿಡಿಲಿನಿಂದ ಅದರಲ್ಲಿ ಇರಿಡಿಯಂ ಹುಟ್ಟಿದೆ, ಅದು ಅಕ್ಕಿಕಾಳನ್ನು ಎಳೆದುಕೊಳ್ಳುತ್ತದೆ, ಫಾರಿನ್‌ನವರು ಕೋಟಿಗಟ್ಟಲೆ ಕೊಡುತ್ತಾರಂತೆ. ಸರ ಅಡವಿಟ್ಟು ಅದರಲ್ಲಿ ಪಾಲು ಹಿಡಿಯಲು ಮಾವ ಹೊರಟಿದ್ದರು.

"ಶುರು ಮಾಡು ಲಾಯರಮ್ಮ" ಎಂದರು.

ಅಭ್ಯಾಸದಂತೆ ವ್ಯಾಖ್ಯೆಯಿಂದ ಶುರು ಮಾಡಿದೆ. ಪ್ಲಾಟಿನಂ ಅದಿರನ್ನು ಆಮ್ಲದಲ್ಲಿ ಕರಗಿಸಿದಾಗ ತಳದಲ್ಲಿ ಉಳಿದ ಕಪ್ಪು ಪುಡಿಯಲ್ಲಿ ಸಿಕ್ಕ ಲೋಹ ಇರಿಡಿಯಂ. ಅದರ ಲವಣಗಳಿಗೆ ಬಗೆಬಗೆಯ ಬಣ್ಣವಿದ್ದುದರಿಂದ ಗ್ರೀಕರ ಕಾಮನಬಿಲ್ಲಿನ ದೇವತೆಯ ಹೆಸರಿಟ್ಟರು. ಸೀಸದ ಎರಡರಷ್ಟು ತೂಕ, ತುಕ್ಕು ಹಿಡಿಯದು, ಚಿನ್ನಕ್ಕಿಂತ ಅಪರೂಪ.

ಮಾವ ಅತ್ತೆಯ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಇವಳೇ ಹೇಳ್ತಾವ್ಳೆ, ಚಿನ್ನಕ್ಕಿಂತ ರೇರು!"

ಎದುರಾಳಿಗೆ ಪಾಯಿಂಟ್ ನಾನೇ ಕೊಟ್ಟಿದ್ದೆ.

"ಅಕ್ಕಿ ಎಳೆದಿದ್ದು ನೋಡಿದ್ರಾ ಮಾವ?"

"ಕಣ್ಣಾರೆ ಕಣಮ್ಮ."

"ಅಕ್ಕಿ ಯಾರ್ದು?"

"ಅವರ್ದೇ."

"ಕಾಳೊಳಗೆ ಕಬ್ಬಿಣ, ಚೊಂಬಲ್ಲಿ ಮ್ಯಾಗ್ನೆಟ್ ಇದ್ರೆ?"

"ನಿಂಗೆ ಎಲ್ಲದ್ರಲ್ಲೂ ಅನುಮಾನ."

ಆಗ ಅವರ ಬೈಕ್ ನೆನಪಾಯಿತು. ಮೆಕ್ಯಾನಿಕ್ ಮಾತು ಕೇಳಿ ಇರಿಡಿಯಂ ಸ್ಪಾರ್ಕ್ ಪ್ಲಗ್ ಹಾಕಿಸಿ, ಬೀದಿಗೆಲ್ಲ ಹೇಳಿಕೊಂಡಿದ್ದರು. ಬೇಗ ಸವೆಯದಿರಲೆಂದು ಕಿಡಿ ಹಾರುವ ತುದಿಗೆ ಆ ಲೋಹ ಬಳಸುತ್ತಾರೆ. "ಬಿಚ್ಚಿ ನೋಡೋಣ" ಎಂದೆ. ಗೊಣಗುತ್ತಲೇ ಬಿಚ್ಚಿ ತಂದರು. ಅತ್ತೆ ಡಬ್ಬದಿಂದ ಸೋನಾಮಸೂರಿ ತಂದು ತಟ್ಟೆಗೆ ಸುರಿದರು. ಮಾವನೇ ಪ್ಲಗ್ಗಿನ ತುದಿಯನ್ನು ಕಾಳಿನ ಹತ್ತಿರ ಹಿಡಿದರು. ಒಂದೂ ಅಲುಗಲಿಲ್ಲ.

"ಇದಕ್ಕೆ ಸಿಡಿಲು ಹೊಡ್ದಿಲ್ವಲ್ಲ!"

"ಬೈಕ್ ಓಡೋವಾಗ ಇನ್ನೇನು ಹೊಡೆಯತ್ತೆ ಮಾವ? ಮರಿ ಸಿಡಿಲೇ ತಾನೆ? ಇಲ್ಲಿಂದ ಹೆಬ್ಬಾಳಕ್ಕೆ ಹೋಗೋದ್ರಲ್ಲಿ ಸಾವಿರಾರು ಸಲ!"

ಹೋಲಿಕೆಯಿಂದ ಗೆಲ್ಲುವುದನ್ನು ನಮ್ಮ ಕೋಚ್ ಒಪ್ಪುತ್ತಿರಲಿಲ್ಲ. ಮಾವ ಮಾತ್ರ ಮತ್ತೊಮ್ಮೆ ಪ್ಲಗ್ಗನ್ನು ಅಕ್ಕಿಯಲ್ಲಿ ಆಡಿಸಿ ನೋಡಿದರು. ಕೊನೆಗೆ ಕರವಸ್ತ್ರವನ್ನು ತೆಗೆದು ಅತ್ತೆಯ ಕೈಗಿಟ್ಟರು. ಅತ್ತೆ ಅಲ್ಲೇ ಬಿಚ್ಚಿ ಸರ ಹಾಕಿಕೊಂಡರು.

ಆಮೇಲೆ ಮಾವ ಒಂದಿಷ್ಟು ಅಕ್ಕಿಯನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಪ್ಲಗ್ಗಿನ ಜೊತೆ ಜೇಬಿಗಿಳಿಸಿ ಎದ್ದರು.

"ಎಲ್ಲಿಗ್ರೀ?"

"ಕೆಂಪಾಪುರಕ್ಕೆ. ನಮ್ ಫ್ರೆಂಡೂ ಪಾಲು ಹಾಕೋಕ್ ಹೊರಟವ್ನೆ. ಬಾಯಲ್ಲಿ ಹೇಳಿದ್ರೆ ನಂಬಲ್ಲ ಅವ್ನು."

ಪ್ಲಗ್ ಇಲ್ಲದ ಬೈಕನ್ನು ಗೇಟಿನ ಬಳಿಯೇ ಬಿಟ್ಟು, ಬಸ್ ಸ್ಟಾಪಿನ ಕಡೆ ನಡೆದರು.